ದಿನಕ್ಕೊಂದು ಊರೋ, ಎರಡು ನೆಲೆಯೋ: ಏಪ್ರಿಲ್ ಬಿಸಿಲಿನಲ್ಲಿ ಹಂಪಿ, ಬಾದಾಮಿ, ವಿಜಯಪುರ

ಏಪ್ರಿಲ್‌ನಲ್ಲಿ ಈ ಮೂರು ಊರುಗಳನ್ನು ಒಂದೇ ಪ್ರವಾಸದಲ್ಲಿ ನೋಡುವುದಾದರೆ ಹೊಸಪೇಟೆಯಲ್ಲಿ ಎರಡು ರಾತ್ರಿ, ಬಾದಾಮಿಯಲ್ಲಿ ಎರಡು ರಾತ್ರಿ ನೆಲೆ ನಿಂತು, ವಿಜಯಪುರಕ್ಕೆ ಕೊನೆಯ ಒಂದು ರಾತ್ರಿಯನ್ನು ಕೊಡಬೇಕು. ದಿನಕ್ಕೊಂದು ಊರು ಎಂದು ಓಡುವ ಪ್ರವಾಸವನ್ನು ನಾನು ಇನ್ನೊಮ್ಮೆ ಮಾಡಲಾರೆ. ಚಳಿಗಾಲದಲ್ಲಿ ಹೋಗಿ ಎನ್ನುವವರ ಮಾತು ಸರಿಯೇ. ಆದರೆ ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವನು. ಉದ್ದನೆಯ ಬಿಡುವು ಸಿಗುವುದು ಬೇಸಿಗೆ ರಜೆಯಲ್ಲಿ ಮಾತ್ರ.

ಮೊದಲ ಸಲ ನಾವೇ ಯೋಜಿಸಿಕೊಂಡು ಹೋದಾಗ ಜೊತೆಯಲ್ಲಿ ಹೆಂಡತಿ ಮತ್ತು 68 ವರ್ಷದ ಅಮ್ಮ ಇದ್ದರು. ಬಾಡಿಗೆ ಕಾರು, ನಾಲ್ಕು ದಿನ, ಪ್ರತಿ ರಾತ್ರಿ ಹೊಸ ವಸತಿಗೃಹ. ಕಾಗದದ ಮೇಲೆ ಎಷ್ಟು ಚೆನ್ನಾಗಿ ಕಂಡಿತ್ತೆಂದರೆ ಆ ಪಟ್ಟಿಯನ್ನು ಸಹೋದ್ಯೋಗಿಗಳಿಗೂ ಹಂಚಿದ್ದೆ. ಹೊಸಪೇಟೆಯಿಂದ ಹಂಪಿ 13 ಕಿಲೋಮೀಟರ್, ಬಾದಾಮಿಯಿಂದ ಪಟ್ಟದಕಲ್ಲು 22, ಅಲ್ಲಿಂದ ಐಹೊಳೆ ಇನ್ನೂ ಹತ್ತಿರ, ಬಾದಾಮಿಯಿಂದ ವಿಜಯಪುರಕ್ಕೆ ಸುಮಾರು 120. ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಒಂದನ್ನೇ: ಮಧ್ಯಾಹ್ನ 12ರಿಂದ 4ರವರೆಗೆ ನಾವು ಎಲ್ಲಿರುತ್ತೇವೆ?

ಕೋಣೆ ಬಿಡುವ ಹೊತ್ತಿನ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಬಹಳಷ್ಟು ಹೋಟೆಲುಗಳಲ್ಲಿ ಮಧ್ಯಾಹ್ನ 12ಕ್ಕೆ ಕೋಣೆ ಬಿಡಬೇಕು. ರಾತ್ರಿ 8ಕ್ಕೆ ಹೋಗಿ ಮರುದಿನ 12ಕ್ಕೆ ಬಿಟ್ಟರೆ ನಮ್ಮ ಪಾಲಿಗೆ ಬಂದದ್ದು 16 ಗಂಟೆ. ಅದರಲ್ಲಿ ಸುಡುವ ಗಂಟೆ ಒಂದೂ ಇಲ್ಲ. ತಂಪಾದ ಹೊತ್ತಿನಲ್ಲಿ ಸೂರಿಗೆ ಬಾಡಿಗೆ ಕೊಟ್ಟು, ಸೂರು ಬೇಕಾದಾಗ ಬೀದಿಯಲ್ಲಿ ನಿಂತಂತಾಯಿತು. ಬಾದಾಮಿಯಲ್ಲಿ ನಮಗೆ ಆದದ್ದು ಹೀಗೆಯೇ. ಬೆಳಿಗ್ಗೆ ಗಂಟುಮೂಟೆ ಕಟ್ಟುವುದರಲ್ಲೇ ಎರಡು ಗಂಟೆ ಹೋಯಿತು. ಗುಹೆಗಳ ಮೆಟ್ಟಿಲು ಹತ್ತುವ ಹೊತ್ತಿಗೆ ಮರಳುಗಲ್ಲು ಕಾದಿತ್ತು. ಕೆಳಗಿಳಿದು ಬಂದರೆ ಕಾರಿನಲ್ಲಿದ್ದ ಬಾಟಲಿಯ ನೀರು ಸ್ನಾನಕ್ಕೆ ಹದವಾಗುವಷ್ಟು ಬಿಸಿ. ಅಮ್ಮನಿಗೆ ಕಾಲು ಚಾಚಲು ಜಾಗವಿರಲಿಲ್ಲ. ಹಿಂದಿನ ರಾತ್ರಿ ಮಲಗಿದ್ದ ಕೋಣೆಯಲ್ಲಿ ಆಗಲೇ ಬೇರೆಯವರಿದ್ದರು.

ಹಾಗೆಯೇ ಬಿಸಿಲಿನಲ್ಲಿ ಪಟ್ಟದಕಲ್ಲು ನೋಡಿ ಐಹೊಳೆ ತಲುಪಿದಾಗ ಒಂದು ಗಂಟೆ. ಮೇಗುತಿ ಗುಡ್ಡವನ್ನು ಹತ್ತುವ ಮಾತೇ ಬರಲಿಲ್ಲ. ಈ ಗುಡ್ಡದ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ. ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿಯನ್ನು ಮಕ್ಕಳಿಗೆ ವರ್ಷ ವರ್ಷವೂ ಈ ಶಾಸನದ ಆಧಾರದಲ್ಲೇ ಹೇಳುತ್ತೇನೆ. ಆ ಕಲ್ಲು ಕಣ್ಣಳತೆಯ ದೂರದಲ್ಲಿದ್ದರೂ ನೋಡದೆ ಹಿಂದಿರುಗಿದ್ದು ನನ್ನನ್ನು ಬಹಳ ದಿನ ಕಾಡಿತು. ಅಮ್ಮ ಕಾರಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಅವರನ್ನು ಬಿಟ್ಟು ನಾನೊಬ್ಬನೇ ಗುಡ್ಡ ಹತ್ತುವುದು ಸಾಧ್ಯವಿರಲಿಲ್ಲ.

ಗೋಳು ಅಲ್ಲಿಗೇ ಮುಗಿಯಲಿಲ್ಲ. ಉಳಿದದ್ದನ್ನು ಬಿಟ್ಟು ನೇರವಾಗಿ ವಿಜಯಪುರಕ್ಕೆ ಹೋದರೆ, ನಾವು ಮುಂಗಡ ಕೊಟ್ಟಿದ್ದ ಹೋಟೆಲಿನಲ್ಲಿ ಕೋಣೆ ಇನ್ನೂ ಸಿದ್ಧವಾಗಿರಲಿಲ್ಲ. ಸ್ವಾಗತಕಟ್ಟೆಯ ಎದುರಿನ ಸೋಫಾದಲ್ಲಿ ಒಂದೂವರೆ ಗಂಟೆ ಕುಳಿತೆವು. ಸಂಜೆ ಗೋಳಗುಮ್ಮಟಕ್ಕೆ ಹೋದಾಗ ರಜೆಯ ಜನಸಂದಣಿ. ಪಿಸುಮಾತಿನ ಮೊಗಸಾಲೆಯಲ್ಲಿ ನೂರಾರು ಜನ ಒಟ್ಟಿಗೆ ಕೂಗುತ್ತಿದ್ದರು. ಪಿಸುಮಾತನ್ನು ಅಲ್ಲಿ ಕೇಳಿಸಿಕೊಳ್ಳುವುದೆಲ್ಲಿ?

ಪ್ರವಾಸಿ ಬಸ್ಸಿನ ಅನುಭವವೂ ಇದೆ, ಅದಕ್ಕೂ ಹಿಂದೆ ಬಂಧುಗಳ ಜೊತೆ ಹೋದದ್ದು. ಊಟ, ವಸತಿ, ಗೈಡ್ ಯಾವುದರ ಚಿಂತೆಯೂ ಇಲ್ಲ, ಖರ್ಚೂ ಕಡಿಮೆ. ಆದರೆ ಹಂಪಿಯನ್ನು ತೋರಿಸಿದ್ದು ಹನ್ನೊಂದರಿಂದ ಮೂರರವರೆಗೆ. ಬೇಸಿಗೆಗೆ ಅದು ಬೇಡ. ಅದರ ಬಗ್ಗೆ ಹೆಚ್ಚು ಹೇಳುವುದೂ ಇಲ್ಲ.

ಎರಡು ವರ್ಷಗಳ ನಂತರ ಅದೇ ತಿಂಗಳು, ಅದೇ ಮೂವರು ಮತ್ತೆ ಹೊರಟೆವು. ಈ ಬಾರಿ ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಲ್ಲ, ‘ನಿಮ್ಮಲ್ಲಿ 12 ಗಂಟೆ ಚೆಕ್‌ಔಟೋ, 24 ಗಂಟೆಯೋ?’ ಎಂಬುದು. ನಮ್ಮ ಊರುಗಳ ಹಳೆಯ ಲಾಡ್ಜುಗಳಲ್ಲಿ ಇನ್ನೂ ಕೆಲವು ಕಡೆ 24 ಗಂಟೆಯ ಪದ್ಧತಿ ಇದೆ. ಎಷ್ಟು ಹೊತ್ತಿಗೆ ಒಳಗೆ ಹೋಗುತ್ತೇವೆಯೋ ಮರುದಿನ ಅಷ್ಟು ಹೊತ್ತಿಗೆ ಬಿಟ್ಟರಾಯಿತು. ಬಣ್ಣ ಮಾಸಿದ ಗೋಡೆ, ಸಾಧಾರಣ ಹಾಸಿಗೆ ಇದ್ದರೂ ಬೇಸಿಗೆಯ ಪ್ರವಾಸಿಗೆ ಇದಕ್ಕಿಂತ ದೊಡ್ಡ ಸೌಕರ್ಯವಿಲ್ಲ. ರಿಜಿಸ್ಟರಿನಲ್ಲಿ ಒಳಬಂದ ಸಮಯವನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ರಾತ್ರಿ ರೈಲಿನಲ್ಲಿ ಹೊರಟು ಬೆಳಿಗ್ಗೆ 7ಕ್ಕೆ ಹೊಸಪೇಟೆಯ ಅಂಥದ್ದೊಂದು ಲಾಡ್ಜಿಗೆ ಹೋದೆವು. ಎರಡು ದಿನದ ಬಾಡಿಗೆಗೆ ಎರಡು ಪೂರ್ಣ ಮಧ್ಯಾಹ್ನಗಳು ನಮ್ಮವಾದವು. ಮೊದಲ ದಿನ ಸಂಜೆ ಹಂಪಿಯ ಹೇಮಕೂಟ ಗುಡ್ಡದಲ್ಲಿ ಕುಳಿತೆವು. ಮರುದಿನ ಬೆಳಗಿನ ತಂಪಿನಲ್ಲೇ ವಿಠ್ಠಲ ದೇವಾಲಯ. ಅಲ್ಲಿ ಕೊಳ್ಳುವ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಸಲ್ಲುತ್ತದೆ. ಹೀಗಾಗಿ ಬೆಳಿಗ್ಗೆ ವಿಠ್ಠಲ ನೋಡಿ, ಕೋಣೆಗೆ ಹೋಗಿ ಉಂಡು ಮಲಗಿ, ಸಂಜೆ ನಾಲ್ಕರ ಮೇಲೆ ಕಮಲ ಮಹಲಿಗೆ ಹೋದೆವು. ಒಂದೇ ಟಿಕೆಟ್, ನಡುವೆ ಮೂರು ಗಂಟೆಯ ನಿದ್ದೆ.

ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ದಪ್ಪ ಹತ್ತಿಯ ಕಾಲುಚೀಲ ಒಯ್ಯಿರಿ. ಚಪ್ಪಲಿ ಬಿಟ್ಟ ಮೇಲೆ ಅಂಗಳದ ಕಲ್ಲುಚಪ್ಪಡಿ ಬರಿಗಾಲಿಗೆ ಕೆಂಡ. ಬಾದಾಮಿಯಲ್ಲಿ ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿಯಬೇಡಿ, ಚೀಲದೊಳಗೆ ಇಡಿ, ಕೋತಿಗಳು ಬಿಡುವುದಿಲ್ಲ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ.

ಬಾದಾಮಿಗೆ ಬೆಳಿಗ್ಗೆ 7ಕ್ಕೇ ಹೊರಟು 11ರೊಳಗೆ ತಲುಪಿ, ಬಿಸಿಲೇರುವ ಮುನ್ನ ಕೋಣೆ ಸೇರಿದೆವು. ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಡೆದು ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಕುಳಿತೆವು. ಪಡುವಣ ಬೆಳಕಿಗೆ ಕೆಂಪುಬಂಡೆಗಳು ಹೊಳೆಯುವುದನ್ನು ಅಮ್ಮ ಕತ್ತಲಾಗುವವರೆಗೂ ನೋಡಿದರು. ಮೊದಲ ಪ್ರವಾಸದಲ್ಲಿ ಈ ಹೊತ್ತಿಗೆ ನಾವು ಮುಂದಿನ ಊರಿನಲ್ಲಿದ್ದೆವು.

ಮರುದಿನ ಸ್ಥಳೀಯ ಕಾರನ್ನು ಅರ್ಧ ದಿನಕ್ಕೆ ಗೊತ್ತುಮಾಡಿ, ಹೋದ ಸಲದ ಕ್ರಮವನ್ನು ತಿರುಗಿಸಿ, ಮೊದಲು ಐಹೊಳೆಗೆ ಹೋದೆವು. ಎಳೆಬಿಸಿಲಿನಲ್ಲಿ ಮೇಗುತಿಯ ಮೆಟ್ಟಿಲುಗಳನ್ನು ಅಮ್ಮನೂ ನಿಧಾನವಾಗಿ ಹತ್ತಿದರು. ಶಾಸನ ಸಂಸ್ಕೃತದಲ್ಲಿದೆ, ಲಿಪಿ ಹಳಗನ್ನಡದ್ದು. ಕೆಲವು ಅಕ್ಷರಗಳನ್ನು ಗುರುತಿಸಲು ಯತ್ನಿಸುತ್ತ ಬಹಳ ಹೊತ್ತು ನಿಂತೆ. ಹಿಂದಿರುಗುವಾಗ ಪಟ್ಟದಕಲ್ಲು. ಪಲ್ಲವರ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಪಡೆದ ಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯೊಳಗೆ ಕಂಬಗಳ ತಂಪು. 12ಕ್ಕೆ ಬಾದಾಮಿ, ಖಾನಾವಳಿಯಲ್ಲಿ ಜೋಳದ ರೊಟ್ಟಿ, ಮಜ್ಜಿಗೆ, ನಿದ್ದೆ.

ಈ ಕ್ರಮದ ಕೊರತೆಯನ್ನೂ ಹೇಳಬೇಕು. ಬಾದಾಮಿಯಲ್ಲಿ ಮೂರನೆಯ ದಿನ ಬೆಳಿಗ್ಗೆ ಗುಹೆಗಳನ್ನು ನೋಡಿ, ಮೂರನೆಯ ಗುಹೆಯ 578ರ ಶಾಸನದ ಮುಂದೆ ನಿಂತು ಬರುವಷ್ಟರಲ್ಲಿ ಕೋಣೆಯ ಅವಧಿ ಮುಗಿಯುತ್ತಿತ್ತು. ಸಂಜೆ 4ರವರೆಗೆ ಇರಲು ಅರ್ಧ ದಿನದ ಬಾಡಿಗೆ ಹೆಚ್ಚು ಕೊಟ್ಟೆ. ಹೆಂಡತಿ ಮೊದಲು ಒಪ್ಪಲಿಲ್ಲ. ಹಾಗೆಯೇ ದಿನಗಳೂ ಹೆಚ್ಚು ಬೇಕು: ನಾಲ್ಕರ ಬದಲು ಆರು. ಮೂರು ದಿನ ಮಾತ್ರ ರಜೆ ಇರುವವರು ವಿಜಯಪುರವನ್ನು ಬಿಟ್ಟುಬಿಡಬೇಕು, ಮೂರನ್ನೂ ತುರುಕಬಾರದು.

ಖರ್ಚಿನ ವಿಷಯದಲ್ಲಿ ನನಗೇ ಆಶ್ಚರ್ಯವಾಯಿತು. ದಿನಗಳು ಹೆಚ್ಚಿದ್ದರೂ ಒಟ್ಟು ಮೊತ್ತ ಹೆಚ್ಚಾಗಲಿಲ್ಲ, ಸ್ವಲ್ಪ ಉಳಿಯಿತು ಕೂಡ. ದೂರದ ಪ್ರವಾಸಕ್ಕೆ ಕಾರು ಹಿಡಿದರೆ ಓಡಲಿ ಬಿಡಲಿ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಹಣ ಕಟ್ಟಬೇಕು, ಜೊತೆಗೆ ಚಾಲಕರ ಬಾಟಾ. ಎರಡು ನೆಲೆಯಲ್ಲಿ ಬಸ್ಸು, ಆಟೋ, ಅರ್ಧ ದಿನದ ಕಾರು ಸಾಕಾದವು. ಚಿಕ್ಕ ಮಕ್ಕಳು, ನಾಲ್ಕೈದು ಪೆಟ್ಟಿಗೆ ಇರುವವರಿಗೆ ಕಾರೇ ಬೇಕಾಗಬಹುದು. ಅಂಥವರೂ ರಾತ್ರಿಗಳನ್ನು ಮಾತ್ರ ಹೀಗೆಯೇ ಹಂಚಿಕೊಳ್ಳಲಿ.

ವಿಜಯಪುರದ ಲಾಡ್ಜಿಗೆ ಸಂಜೆ 7ಕ್ಕೆ ಹೋದೆವು, ಅಲ್ಲಿಯೂ 24 ಗಂಟೆ. ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಗೋಳಗುಮ್ಮಟದ ಮುಂದೆ ನಿಂತಿದ್ದೆವು. ಗೋಪುರದ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲು ಅಮ್ಮನಿಗೆ ಬೇಡವೆಂದು ಹೆಂಡತಿ ಅವರೊಡನೆ ಕೆಳಗೆ ಕುಳಿತಳು. ಸ್ವಲ್ಪ ಹೊತ್ತಿನ ನಂತರ ಅಮ್ಮನೇ ಒತ್ತಾಯಿಸಿ ಅವಳನ್ನು ಮೇಲಕ್ಕೆ ಕಳುಹಿಸಿದರು. ಮೊಗಸಾಲೆಯಲ್ಲಿ ನಮ್ಮನ್ನು ಬಿಟ್ಟರೆ ಇಬ್ಬರೇ ಇದ್ದರು. ಹೆಂಡತಿ ಆಚೆ ಬದಿಗೆ ಹೋಗಿ ಗೋಡೆಗೆ ಮುಖವಿಟ್ಟು ಏನೋ ಹೇಳಿದಳು. ಅಷ್ಟಗಲದ ಗುಮ್ಮಟವನ್ನು ದಾಟಿ ಮಾತು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು: ‘ಅರ್ಧ ದಿನದ ಬಾಡಿಗೆ ಕೊಟ್ಟದ್ದು ಒಳ್ಳೆಯದಾಯಿತು.’