ಕೆರಿಸ್ ಹಿಡಿಯ ಮೇಲೆ ಕೂತವನು ಯಾರು? ಮೂರು ದಾರಿಗಳ ಹೋಲಿಕೆ

ಇಂಡೋನೇಷ್ಯಾದ ಕೆರಿಸ್ ಬಾಕುವಿನ ಹಿಡಿಯಲ್ಲಿ ಕೆತ್ತಿದ ಗೊಂಬೆ ಯಾರದ್ದು ಅಂತ ಪತ್ತೆ ಹಚ್ಚೋಕೆ ಜನ ಮೂರು ದಾರಿ ಹಿಡಿಯುತ್ತಾರೆ. ಮುಖ, ಕೈ, ಉಡುಗೆ ನೋಡಿ ಹೆಸರು ಹೇಳುವುದು ಒಂದು. ಭಂಗಿ ನೋಡಿ ಊರು ಹೇಳುವುದು ಇನ್ನೊಂದು. ಹಿಡಿಯ ಬುಡದ ಉಂಗುರ, ಒರೆ, ಅಲಗು ನೋಡಿ ಊಹಿಸುವುದು ಮೂರನೆಯದು. ಬಾಲಿಯ ಉಬುದ್ ಊರಿನ ನೇಕಾ ಮ್ಯೂಸಿಯಂನಲ್ಲಿ, ಅಲ್ಲಿನ ಅಂಗಡಿಗಳಲ್ಲಿ, ಹರಾಜಿನ ಫೋಟೋಗಳ ಮೇಲೆ ಮೂರನ್ನೂ ಹಚ್ಚಿ ನೋಡಿದ್ದೇನೆ. ನನ್ನ ವೋಟು ಭಂಗಿಗೆ.

ಮೊದಲು ಸೋತದ್ದು ಮೂರನೆಯದು. ಕೆರಿಸ್‌ಗೆ ಮೊಳೆ ಹೊಡೆದಿರುವುದಿಲ್ಲ. ಅಲಗಿನ ಬಾಲಕ್ಕೆ ಬಟ್ಟೆಯನ್ನೋ ದಾರವನ್ನೋ ಸುತ್ತಿ ಹಿಡಿಯೊಳಗೆ ಒತ್ತಿರುತ್ತಾರೆ, ಅಷ್ಟೇ. ಸ್ವಲ್ಪ ತಿರುಗಿಸಿ ಎಳೆದರೆ ಕೈಗೆ ಬರುತ್ತದೆ. ಉಂಗುರವೂ (ಬಾಲಿಯಲ್ಲಿ ವೆವೆರ್, ಜಾವಾದಲ್ಲಿ ಮೆಂಡಕ್) ಜತೆಗೇ ಕಳಚುತ್ತದೆ. ಹಾಗಾಗಿ ಜಾವಾದ ಅಲಗಿಗೆ ಬಾಲಿಯ ಹಿಡಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಡಚ್ಚರ ವಿರುದ್ಧ ಹೋರಾಡಿದ ಜಾವಾದ ದಿಪೊನೆಗೊರೊ ರಾಜಕುಮಾರನದ್ದು ಎನ್ನುವ ಕೆರಿಸ್ 2020ರಲ್ಲಿ ನೆದರ್ಲೆಂಡ್ಸ್‌ನಿಂದ ವಾಪಸ್ ಬಂತಲ್ಲ, ಅದು ಅವನದ್ದೇ ಅನ್ನೋದಕ್ಕೂ ಹಳೆ ಕಾಗದಪತ್ರ ಕೆದಕಬೇಕಾಯಿತು.

ಮುಖ ನೋಡುವ ದಾರಿ ನಮ್ಮಂಥವರಿಗೆ ತುಂಬಾ ಹತ್ತಿರದ್ದು. ಅದಕ್ಕೇ ಅಪಾಯ ಜಾಸ್ತಿ. ಬಾಲಿಯಲ್ಲಿ ಇಂಥ ಗೊಂಬೆ ಹಿಡಿಗೆ ತೊಗೊಗನ್ ಎನ್ನುತ್ತಾರೆ. ಉಬ್ಬಿದ ಕಣ್ಣು, ಕೋರೆಹಲ್ಲು. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರು ತಕ್ಷಣ 'ರಾಕ್ಷಸ' ಅಂದುಬಿಡುತ್ತಾರೆ. ಅಲ್ಲಿ ದೇವರಿಗೂ ಅದೇ ಕಣ್ಣು ಇರುತ್ತದೆ! ಮುಖ ಬಿಟ್ಟು ಹೆಬ್ಬೆರಳು ನೋಡಿ. ಉದ್ದನೆಯ ಉಗುರು ಮುಂದಕ್ಕೆ ಚಾಚಿದ್ದರೆ ಅದು ಪಂಚನಕ. ವಾಯುವಿನ ಮನೆಯವರ ಗುರುತು. ವಾಯುವಿಗೂ ಉಂಟು, ಭೀಮನಿಗೂ ಉಂಟು, ಹನುಮನಿಗೂ ಉಂಟು. ಅಂದರೆ ಉಗುರಿನಿಂದ ಮನೆತನ ಗೊತ್ತಾಗುತ್ತದೆ, ಆಳು ಗೊತ್ತಾಗುವುದಿಲ್ಲ. ಕೈಯಲ್ಲಿ ಅಮೃತದ ಪಾತ್ರೆ ಇದ್ದರೆ ವಾಯು. ತಲೆಗೂದಲು ಸೀಗಡಿಯ ಇಕ್ಕುಳದಂತೆ ಮೇಲಕ್ಕೆ ಸುರುಳಿ ಸುತ್ತಿದ್ದರೆ ಭೀಮನ ಕಡೆ ವಾಲಬಹುದು. ಮೂತಿ, ಬಾಲ ಇದ್ದರೆ ಹನುಮ. ಪೊಲೆಂಗ್ ಅನ್ನುವ ಚೌಕುಳಿ ಬಟ್ಟೆ ಮೂವರಿಗೂ ಸಲ್ಲುವುದರಿಂದ ಅದೊಂದನ್ನೇ ನಂಬಿ ಪ್ರಯೋಜನವಿಲ್ಲ. ಇನ್ನು ಗದೆ ಹುಡುಕುತ್ತಾ ಕೂತರೆ ಸುಮ್ನೆ ಟೈಮ್ ವೇಸ್ಟ್.

ಇಷ್ಟೆಲ್ಲಾ ಚೆಂದ, ಆದರೆ ಬಾಲಿ ದಾಟಿದರೆ ಈ ದಾರಿ ಕುಂಟುತ್ತದೆ. ಜಾವಾದ ನಡುಭಾಗದ ಸೋಲೋ, ಜೋಗ್ಯಾ ಊರುಗಳ ಹಿಡಿಗಳಲ್ಲಿ ಮುಖವೇ ಇಲ್ಲ. ನುಣುಪಾಗಿ ಬಾಗಿದ ಮರ, ಒಳಮಗ್ಗುಲಲ್ಲಿ ಪತ್ರ ಎನ್ನುವ ಎರಡು ಪುಟ್ಟ ಕೆತ್ತನೆ. ಜಾವಾ ಪಕ್ಕದ ಮದುರಾ ದ್ವೀಪದಲ್ಲಿ ಹೂಬಳ್ಳಿಗಳದ್ದೇ ರಾಜ್ಯ.

ಭಂಗಿ ಮಾತ್ರ ಗೊಂಬೆ ಇರುವ ಎಲ್ಲಾ ಕಡೆ ಕೆಲಸಕ್ಕೆ ಬಂತು. ಬಾಲಿಯವನು ಎದೆ ಸೆಟೆಸಿ, ಕೈಯೊಂದನ್ನು ಎತ್ತಿ, ಪುಟ್ಟ ಪೀಠದ ಮೇಲೆ ಠೀವಿಯಿಂದ ಇರುತ್ತಾನೆ. ಜಾವಾದ ಉತ್ತರ ಕರಾವಳಿಯ ತೆಗಾಲ್, ಚಿರೆಬೊನ್ ಕಡೆಯ ರಾಕ್ಷಸ ಕುಕ್ಕರಗಾಲಲ್ಲಿ ಗಟ್ಟಿಯಾಗಿ ಕೂತು, ಕೂದಲನ್ನು ಬೆನ್ನಿಗೆ ಇಳಿಬಿಟ್ಟಿರುತ್ತಾನೆ. ಸುಮಾತ್ರಾದ ಜಾವಾ ದೆಮಾಮ್ ಹಿಡಿಯವನು ಜ್ವರದಲ್ಲಿ ನಡುಗುವವರ ಹಾಗೆ ಹೊಟ್ಟೆಗೆ ಕೈಕಟ್ಟಿ, ತಲೆ ತಗ್ಗಿಸಿ ಮುದುಡಿರುತ್ತಾನೆ. ಅವನ ಕಣ್ಣು ಮೂಗೆಲ್ಲ ಎಲೆಬಳ್ಳಿಯ ಗೆರೆಗಳಲ್ಲಿ ಕರಗಿಹೋಗಿರುತ್ತವೆ. ಬಾಲಿಯದ್ದೇ ಕೊಚೆತ್-ಕೊಚೆತನ್ ಅನ್ನುವ ಇನ್ನೊಂದು ಬಗೆಯಿದೆ. ಅದು ಹುಳುವಿನ ಆಕಾರದ್ದು. ಅದರಲ್ಲಿ ದೇವರನ್ನು ಹುಡುಕಬೇಡಿ.

ಕೆರಿಸ್ ಬಿಟ್ಟು ಬೇರೆ ಕತ್ತಿಗಳಿಗೆ ಬಂದರೂ ಲೆಕ್ಕ ಇದೇ. ಸುಮಾತ್ರಾದ ಬಟಕ್ ಜನರ ಪಿಸೊ ಸನಲೆಂಗಮ್ ಕತ್ತಿಯ ಹಿಡಿಯಲ್ಲಿ ಕೂತ ಮರದ ಮನುಷ್ಯನಿಗೆ ಕಿರೀಟವಿಲ್ಲ, ಒಡವೆಯ ಆಡಂಬರವಿಲ್ಲ. ನಿಯಾಸ್ ದ್ವೀಪದ ಬಲಾತೊ ಕತ್ತಿಯಲ್ಲಿ ಲಸಾರಾ ಎಂಬ ಪ್ರಾಣಿಯ ತಲೆ ಬಾಯಿ ತೆರೆದಿರುತ್ತದೆ. ಮಬ್ಬು ಫೋಟೋದಲ್ಲೂ ಇವನ್ನು ಪಕ್ಕದ ಅಂಚಿನಿಂದಲೇ ಗುರುತಿಸಬಹುದು, ಮುಖ ನೋಡುವ ದಾರಿಗೆ ಈ ಅನುಕೂಲ ಇಲ್ಲ ಅಲ್ವಾ?

ಭಂಗಿಗೂ ಒಂದು ಕೊರತೆ ಇದೆ. ಪ್ರವಾಸಿಗರಿಗಾಗಿ ಈಗ ಯಾವ ಶೈಲಿಯನ್ನು ಎಲ್ಲಿ ಬೇಕಾದರೂ ಕೆತ್ತುತ್ತಾರೆ. ಆಗ ಸವೆತ ನೋಡುತ್ತೇನೆ. ಬಳಸಿದ ಹಿಡಿಯಲ್ಲಿ ಅಂಗೈ ತಾಗುವ ಮೂಗು, ಮೊಣಕಾಲು, ಹುಬ್ಬು ನುಣುಪಾಗಿರುತ್ತವೆ, ಸಂದುಗಳು ಚೂಪಾಗೇ ಉಳಿದಿರುತ್ತವೆ. ಎಲ್ಲಾ ಕಡೆ ಒಂದೇ ಸಮ ಸವೆದಿದ್ದರೆ ಯಾರೋ ಕೂತು ಉಜ್ಜಿದ್ದಾರೆ ಅನ್ನುವ ಅನುಮಾನ ನನಗೆ.

ಮಾರುವವರು ಹೆಚ್ಚಾಗಿ ಎದುರಿನ ಫೋಟೋ ಒಂದನ್ನೇ ಹಾಕಿರುತ್ತಾರೆ. ಪಕ್ಕದ ನೋಟ, ಬೆನ್ನು, ಹೆಬ್ಬೆರಳಿನ ಫೋಟೋ ಕೇಳಿ. ಕಳಿಸಲಿಲ್ಲ ಅಂದರೆ, ಕೆಳಗೆ ಬರೆದ 'ಭೀಮ' ಅನ್ನುವ ಹೆಸರಿಗೆ ಹೆಚ್ಚಿನ ದುಡ್ಡು ಕೊಡಬೇಡಿ.