ಹಳೆ ಲ್ಯಾಪ್‌ಟಾಪ್, ತೆವಳುವ ಡಿಸ್ಕ್: ಲಿನಕ್ಸ್‌ನ ಐದು ಟೂಲ್‌ಗಳಲ್ಲಿ ಯಾವುದನ್ನು ನಂಬಬೇಕು?

ಅಪ್‌ಡೇಟ್ ಶುರುವಾದರೆ ಬ್ರೌಸರ್ ಕಲ್ಲಾಗುತ್ತದೆ, ಫೋಲ್ಡರ್ ತೆರೆಯಲು ಹತ್ತು ಸೆಕೆಂಡ್ ಬೇಕು, ಡಿಸ್ಕಿನ ದೀಪ ಆರುವುದೇ ಇಲ್ಲ. ಇಷ್ಟಾದ ಕೂಡಲೇ ಗೂಬೆ ಕೂರಿಸುವುದು ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಮೇಲೆ: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಇಎಕ್ಸ್‌ಟಿ4 ತೆಗೀರಿ, ಇನ್ನೊಂದು ಹಾಕಿ ಅಂತ. ಬಹುಪಾಲು ಸಲ ಅದರದ್ದೇನೂ ತಪ್ಪಿರುವುದಿಲ್ಲ. ತಪ್ಪು ಯಾರದು ಅಂತ ಪತ್ತೆ ಹಚ್ಚಲು ಬಳಕೆಯಲ್ಲಿರುವ ಸ್ಮಾರ್ಟ್‌ಮಾನ್‌ಟೂಲ್ಸ್, ಸಿಸ್‌ಸ್ಟ್ಯಾಟ್, ಐಓಟಾಪ್, ಎಚ್‌ಡಿಪಾರ್ಮ್, ಎಫ್‌ಐಓ ಎಲ್ಲವೂ ಉಚಿತ, ಪ್ರಮುಖ ಡಿಸ್ಟ್ರೋಗಳ (ಲಿನಕ್ಸ್ ಆವೃತ್ತಿಗಳ) ರೆಪಾಸಿಟರಿಯಲ್ಲೇ ಸಿಗುತ್ತವೆ. ಆದರೆ ಐದರ ಮಾತಿಗೂ ಒಂದೇ ತೂಕವಿಲ್ಲ.

ಇವುಗಳನ್ನು ಇನ್‌ಸ್ಟಾಲ್ ಮಾಡುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಸಾಮಾನ್ಯವಾಗಿ ಮೊದಲೇ ಇರುವ ವಿಎಂಸ್ಟ್ಯಾಟ್‌ಗೆ 1 ಅಂತ ಕೊಟ್ಟು ಓಡಿಸಿ, ಎಸ್‌ಐ ಮತ್ತು ಎಸ್‌ಓ ಕಾಲಂ ನೋಡಿ. ಅವು ನೂರು, ಸಾವಿರ ಅಂತ ಸತತವಾಗಿ ಕುಣಿಯುತ್ತಿದ್ದರೆ ಮೆಮೊರಿ ಸಾಲದೆ ಸ್ವಾಪ್ (ಮೆಮೊರಿಯ ಬದಲಿಗೆ ಬಳಸುವ ಡಿಸ್ಕಿನ ಜಾಗ) ಉಕ್ಕುತ್ತಿದೆ. 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಆಗುವುದು ಇದೇ. ಆಗ ಫೈಲ್‌ಸಿಸ್ಟಮ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ರ‍್ಯಾಮ್ ಹೆಚ್ಚಿಸಿ, ಆಗದಿದ್ದರೆ ಝಡ್‌ರ‍್ಯಾಮ್ (ಇರುವ ಮೆಮೊರಿಯಲ್ಲೇ ಡೇಟಾ ಕುಗ್ಗಿಸಿಡುವ ಸ್ವಾಪ್) ಹಾಕಿ.

ಐದರಲ್ಲಿ ಮೊದಲು ಓಡಿಸಬೇಕಾದ್ದು ಡಿಸ್ಕಿನ ಆರೋಗ್ಯದ ವರದಿ ಕೊಡುವ, ಸ್ಮಾರ್ಟ್‌ಮಾನ್‌ಟೂಲ್ಸ್‌ನ ಸ್ಮಾರ್ಟ್‌ಸಿಟಿಎಲ್. ಸಾಯುತ್ತಿರುವ ಡಿಸ್ಕನ್ನು ಟ್ಯೂನ್ ಮಾಡುತ್ತಾ ಕೂರುವುದಕ್ಕಿಂತ ದೊಡ್ಡ ದಡ್ಡತನ ಇಲ್ಲ. ಅದರ ಉದ್ದನೆಯ ಪಟ್ಟಿಯಲ್ಲಿ ಕಣ್ಣಿಡಬೇಕಾದ್ದು ಐಡಿ ಸಂಖ್ಯೆ 5, 197, 198, 199 ಇರುವ ಸಾಲುಗಳ ಕೊನೆಯ ಕಾಲಂ ಮೇಲೆ. 197ರಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರ್‌ಗಳಿವೆ. ಡಿಸ್ಕ್ ಅವನ್ನು ಮತ್ತೆ ಮತ್ತೆ ಓದಲು ಹೋಗಿ ಹಲವು ಸೆಕೆಂಡ್ ನಿಂತುಬಿಡುತ್ತದೆ, ನೋಡುವವರಿಗೆ ‘ಸ್ಲೋ’ ಅನ್ನಿಸುತ್ತದೆ. ಮೊದಲು ಬ್ಯಾಕಪ್, ಮಿಕ್ಕಿದ್ದೆಲ್ಲ ಆಮೇಲೆ. 199 ಏರುತ್ತಿದ್ದರೆ ದೋಷ ಕೇಬಲ್ ಅಥವಾ ಕನೆಕ್ಟರಿನದು. ಡಿಸ್ಕ್ ಬಿಚ್ಚಿ ಸರಿಯಾಗಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡು ಗಾಬರಿಯಾಗಬೇಡಿ, ಅವು ಹಾಗೇ ಇರುತ್ತವೆ. ಈ ಟೂಲಿನ ದೊಡ್ಡ ಕೊರತೆ ಒಂದೇ: ‘ಪಾಸ್ಡ್’ ಅನ್ನುವ ಅದರ ಸರ್ಟಿಫಿಕೇಟಿಗೆ ಬೆಲೆ ಇಲ್ಲ. 197ರಲ್ಲಿ ಎಣಿಕೆ ಇಟ್ಟುಕೊಂಡೇ ಪಾಸಾಗುವ ಡಿಸ್ಕ್‌ಗಳಿವೆ.

ಒಂದೇ ಟೂಲ್ ಆರಿಸಿ ಅಂದರೆ ಡಿಸ್ಕಿನ ಓದು-ಬರಹ ಅಳೆಯುವ, ಸಿಸ್‌ಸ್ಟ್ಯಾಟ್‌ನ ಐಓಸ್ಟ್ಯಾಟ್. ಎಕ್ಸ್ ಆಯ್ಕೆಯ ಜೊತೆ 2 ಸೆಕೆಂಡಿಗೊಮ್ಮೆ ಓಡಿಸಿ, ನಿಧಾನವಾಗುವ ಕೆಲಸವನ್ನು ಇನ್ನೊಂದು ಕಿಟಕಿಯಲ್ಲಿ ಶುರು ಮಾಡಿ. ಮೊದಲ ವರದಿ ಬೂಟ್ ಆದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ವೈ ಆಯ್ಕೆ ಕೊಟ್ಟರೆ ಅದು ಬರುವುದೇ ಇಲ್ಲ. ಹೀಗೊಂದು ಸಾಲು ಬಂತೆನ್ನಿ: ಸೆಕೆಂಡಿಗೆ 40 ರೀಡ್, 25 ರೈಟ್, ಒಟ್ಟು ಸಾಗಿದ್ದು 1 ಎಂಬಿಯೂ ಇಲ್ಲ, ಆರ್-ಅವೇಟ್ (ಒಂದು ರೀಡ್ ಮುಗಿಯಲು ಹಿಡಿದ ಮಿಲಿಸೆಕೆಂಡ್) 150, ಡಬ್ಲ್ಯೂ-ಅವೇಟ್ (ರೈಟ್‌ನದು) 480, ಸರದಿಯ ಉದ್ದ 18, ಯುಟಿಲ್ (ಡಿಸ್ಕ್ ಕೆಲಸದಲ್ಲಿದ್ದ ಶೇಕಡಾ ಹೊತ್ತು) 100. ಅಂದರೆ ಒಂದೊಂದು ರೈಟ್ ಸುಮಾರು ಅರ್ಧ ಸೆಕೆಂಡ್ ಕಾಯುತ್ತಿದೆ, ಡಿಸ್ಕಿನ ಬಾಗಿಲಲ್ಲಿ 18 ಬೇಡಿಕೆಗಳು ಸಾಲು ನಿಂತಿವೆ. ಸಾಯುವ ಡಿಸ್ಕಲ್ಲ ಇದು, ಸಹಜವಾಗಿ ಏದುಸಿರು ಬಿಡುತ್ತಿರುವ 5400 ಆರ್‌ಪಿಎಂ ಡಿಸ್ಕ್. ಲೆಕ್ಕ ಸರಳ: ಅರ್ಧ ಸುತ್ತಿಗೆ 5.6 ಮಿಲಿಸೆಕೆಂಡ್, ಹೆಡ್ ಸರಿಯಲು ಸುಮಾರು 12. ಚೆದುರಿದ ಓದಿಗೆ ಸೆಕೆಂಡಿಗೆ ಅರವತ್ತರ ಆಸುಪಾಸು ದಾಟುವುದು ಕಷ್ಟ. ಯಾವ ಮೌಂಟ್ ಆಯ್ಕೆಯೂ ತಟ್ಟೆಯನ್ನು ಜೋರಾಗಿ ತಿರುಗಿಸುವುದಿಲ್ಲ.

ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿದ್ದರೆ ಐಓಸ್ಟ್ಯಾಟ್ ಇನ್ನೂ ಒಂದು ಗುಟ್ಟು ಬಿಡುತ್ತದೆ. ಎಸ್‌ಡಿಎ (ನಿಜವಾದ ಡಿಸ್ಕ್) ಸಾಲು ತಣ್ಣಗಿದ್ದು ಡಿಎಂ-0 (ಅದರ ಮೇಲಿನ ಎನ್‌ಕ್ರಿಪ್ಶನ್ ಪದರ) ಸಾಲಿನ ಅವೇಟ್ ಮಾತ್ರ ಏರಿದ್ದರೆ ಕಾಯಿಸುತ್ತಿರುವುದು ಡಿಸ್ಕಲ್ಲ, ಸಿಪಿಯು. ಎಇಎಸ್-ಎನ್‌ಐ (ಎನ್‌ಕ್ರಿಪ್ಶನ್ ಚುರುಕಾಗಿಸುವ ಸಿಪಿಯು ಸೌಲಭ್ಯ) ಇಲ್ಲದ ಹಳೆ ಪ್ರೊಸೆಸರ್‌ಗಳಲ್ಲಿ ಹೀಗಾಗುತ್ತದೆ. ಲಿನಕ್ಸ್‌ನ ಎನ್‌ಕ್ರಿಪ್ಶನ್ ಟೂಲ್ ಕ್ರಿಪ್ಟ್‌ಸೆಟಪ್‌ನ ಬೆಂಚ್‌ಮಾರ್ಕ್ ಓಡಿಸಿದರೆ ಖಾತ್ರಿಯಾಗುತ್ತದೆ. ಒಂದು ಎಚ್ಚರ: ಯುಟಿಲ್ 100 ಅಂದರೆ ಹಾರ್ಡ್ ಡಿಸ್ಕಿನಲ್ಲಿ ಸುಸ್ತು, ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಅದು ಒಟ್ಟಿಗೇ ಹಲವು ಬೇಡಿಕೆ ನಿಭಾಯಿಸುತ್ತದೆ, ಅಲ್ಲಿ ಅವೇಟ್ ಮಾತ್ರ ನಂಬಿ.

ಡಿಸ್ಕನ್ನು ದುಡಿಸುತ್ತಿರುವವರ ಹೆಸರು ಹೇಳುತ್ತೇನೆ ಅನ್ನುತ್ತದೆ ಐಓಟಾಪ್. ಪೂರ್ತಿ ಹೇಳುವುದಿಲ್ಲ. ಪ್ರೋಗ್ರಾಂ ಬರೆದದ್ದು ಮೊದಲು ರ‍್ಯಾಮ್‌ನಲ್ಲಿ ಕೂತು ಆಮೇಲೆ ಡಿಸ್ಕಿಗೆ ಇಳಿಯುವುದರಿಂದ, ಗದ್ದಲದ ಹೊತ್ತಿನಲ್ಲಿ ಪಟ್ಟಿಯ ಮೇಲೆ ಕಾಣುವುದು ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಆಳುಗಳಾದ ಕೆವರ್ಕರ್ ಅಥವಾ ಜೆಬಿಡಿ2. ಎರಡನೆಯದು ಇಎಕ್ಸ್‌ಟಿ4ರ ಜರ್ನಲ್ (ಬದಲಾವಣೆಗಳ ದಾಖಲೆ) ಬರೆಯುವ ಕೂಲಿಯಾಳು, ಅವನನ್ನು ಬೈದು ಉಪಯೋಗವಿಲ್ಲ. ಎ ಕೀ ಒತ್ತಿ ಒಟ್ಟು ಲೆಕ್ಕಕ್ಕೆ ಬದಲಿಸಿ, ಐದು ನಿಮಿಷ ಬಿಡಿ: ಟ್ರ್ಯಾಕರ್, ಬಲೂ ಥರದ ಫೈಲ್ ಇಂಡೆಕ್ಸರ್‌ಗಳು ಆಗ ಸಿಕ್ಕಿಬೀಳುತ್ತವೆ. ಕರ್ನಲ್ 5.14ರಿಂದೀಚೆಗೆ ಐಓ ಶೇಕಡಾ ಕಾಲಂ ಖಾಲಿ ಕಂಡರೆ ಟೂಲ್ ಕೆಟ್ಟಿಲ್ಲ. ಯಾವ ಪ್ರೋಗ್ರಾಂ ಎಷ್ಟು ಕಾಯಿತು ಅಂತ ಲೆಕ್ಕ ಇಡುವ ಟಾಸ್ಕ್ ಡಿಲೇ ಅಕೌಂಟಿಂಗ್ ಡೀಫಾಲ್ಟ್ ಆಗಿ ಆಫ್ ಇದೆ. ಕರ್ನಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್‌ನಿಂದ ಆನ್ ಮಾಡಬೇಕು.

ಎಚ್‌ಡಿಪಾರ್ಮ್‌ನ ವೇಗ ಪರೀಕ್ಷೆಯಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ. ಮೂರು ಸೆಕೆಂಡಿನ ಹೊತ್ತು ಡಿಸ್ಕಿನ ಆರಂಭದ ಭಾಗವನ್ನು ಸಾಲಾಗಿ ಓದಿ ‘ಸೆಕೆಂಡಿಗೆ 100 ಎಂಬಿ’ ಅಂತ ಬೆನ್ನು ತಟ್ಟುತ್ತದೆ. ಅದು ತಟ್ಟೆಯ ಹೊರ ಅಂಚು, ಅಲ್ಲೇ ವೇಗ ಹೆಚ್ಚು. ನೂರಾರು ಚಿಕ್ಕ ಫೈಲ್ ಓದುವ ದಿನನಿತ್ಯದ ಕೆಲಸಕ್ಕೂ ಈ ಅಂಕಿಗೂ ಸಂಬಂಧವೇ ಇಲ್ಲ. ಇಟ್ಟುಕೊಳ್ಳುವುದಾದರೆ ದೊಡ್ಡ ಬಿ ಆಯ್ಕೆಗಾಗಿ ಇಟ್ಟುಕೊಳ್ಳಿ: ಕೆಲವು ಲ್ಯಾಪ್‌ಟಾಪ್ ಡಿಸ್ಕ್‌ಗಳು ವಿದ್ಯುತ್ ಉಳಿಸಲು ಕೆಲವೇ ಸೆಕೆಂಡಿಗೊಮ್ಮೆ ಹೆಡ್ ಮಡಚುತ್ತವೆ, ಟಿಕ್ ಅಂತ ಸದ್ದೂ ಬರುತ್ತದೆ, 193ನೇ ಸ್ಮಾರ್ಟ್ ಎಣಿಕೆ ಓಡುತ್ತಿರುತ್ತದೆ. 254 ಕೊಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಡಿಸ್ಕಿನ ವೇಗದ ಬಗ್ಗೆ ನಿಜ ಹೇಳುವುದು ಎಫ್‌ಐಓ. ರ‍್ಯಾಂಡ್‌ರೀಡ್, 4ಕೆ ಬ್ಲಾಕ್, ಡೈರೆಕ್ಟ್ 1 (ಮೆಮೊರಿಯನ್ನು ಬಿಟ್ಟು ನೇರ ಡಿಸ್ಕಿಗೆ), ಸೈಜ್ 4 ಜಿಬಿ, 60 ಸೆಕೆಂಡ್, ಇಷ್ಟು ಸಾಕು. ಹೋಮ್ ಡೈರೆಕ್ಟರಿಯಲ್ಲೇ ಓಡಿಸಿ, ಟೆಂಪ್ ಹಲವು ಡಿಸ್ಟ್ರೋಗಳಲ್ಲಿ ರ‍್ಯಾಮ್‌ನಲ್ಲಿರುತ್ತದೆ. ಹಾರ್ಡ್ ಡಿಸ್ಕ್ ಹೆಚ್ಚೆಂದರೆ ನೂರರ ಆಸುಪಾಸು ಐಓಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ತೋರಿಸುವಲ್ಲಿ ಸಾಧಾರಣ ಸಾಟಾ ಎಸ್‌ಎಸ್‌ಡಿ ಹಲವು ಸಾವಿರ ತೋರಿಸುತ್ತದೆ. ಆದರೆ ಇದು ಹರಿತವಾದ ಕತ್ತಿ: ಫೈಲ್‌ನೇಮ್ ಜಾಗದಲ್ಲಿ ಡಿಸ್ಕಿನ ಹೆಸರೇ ಕೊಟ್ಟು ರೈಟ್ ಪರೀಕ್ಷೆ ಮಾಡಿದರೆ ಡೇಟಾ ಹೋದಂತೆಯೇ. ಹೊಸಬರ ಕೈಗೆ ಕೊಡುವ ಟೂಲ್ ಅಲ್ಲ.

ಪತ್ತೆಯಾದ ಮೇಲೆ ಹಾರ್ಡ್ ಡಿಸ್ಕಿನಲ್ಲೇ ಮುಂದುವರಿಯುವವರಿಗೆ ಇರುವ ದಾರಿ ಕಡಿಮೆ. ಡಿಸ್ಕ್ ಬೇಡಿಕೆಗಳ ಸರದಿ ನಿರ್ಧರಿಸುವ ಶೆಡ್ಯೂಲರನ್ನು ಬಿಎಫ್‌ಕ್ಯೂಗೆ ಬದಲಿಸಿದರೆ ಹಿನ್ನೆಲೆಯಲ್ಲಿ ಕಾಪಿ ನಡೆಯುವಾಗಲೂ ಕಿಟಕಿಗಳು ಸ್ಪಂದಿಸುತ್ತವೆ. ಸಿಎಫ್‌ಕ್ಯೂ ಹಾಕಿ ಅನ್ನುವ ಹಳೆ ಸಲಹೆ ಕರ್ನಲ್ 5.0ರಲ್ಲೇ ಸತ್ತಿದೆ. ಫೈಲ್ ಓದಿದ ಸಮಯ ಬರೆಯದಂತೆ ತಡೆಯುವ ನೋಎಟೈಮ್‌ನಿಂದ ಪವಾಡ ಬೇಡ, ಅದನ್ನು ಅಪರೂಪಕ್ಕಷ್ಟೇ ಬರೆಯುವ ರೆಲ್‌ಎಟೈಮ್ ಈಗಾಗಲೇ ಡೀಫಾಲ್ಟ್. ಡಿಸ್ಕ್ ತುಂಬಿ ತುಳುಕುತ್ತಿದ್ದರೆ ಜಾಗ ಮಾಡಿ, ಹೊಸ ಫೈಲ್‌ಗಳು ತುಂಡುತುಂಡಾಗುವುದು ತಪ್ಪುತ್ತದೆ.

ಎಸ್‌ಎಸ್‌ಡಿ ಹಾಕಿದವರಿಗೆ: ಸ್ಮಾರ್ಟ್‌ಸಿಟಿಎಲ್ ವರದಿಯ ಸಾಟಾ ಸಾಲಿನಲ್ಲಿ ‘ಕರೆಂಟ್’ (ಈಗಿನ ವೇಗ, ಸೆಕೆಂಡಿಗೆ ಗಿಗಾಬಿಟ್) ಎಷ್ಟಿದೆ ನೋಡಿ. 3.0 ಇದ್ದರೆ ಅದು ಹಳೆ ಬೋರ್ಡಿನ ಮಿತಿ, ಚಿಂತೆಯಿಲ್ಲ, ಚಿಕ್ಕ ಫೈಲ್‌ಗಳ ವೇಗ ಹೆಚ್ಚೇನೂ ಕುಗ್ಗುವುದಿಲ್ಲ. 1.5ಕ್ಕೆ ಇಳಿದಿದ್ದರೆ ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ದೋಷದ ಸಾಲುಗಳನ್ನು ಹುಡುಕಿ. ಬಯಾಸ್‌ನಲ್ಲಿ ಸಾಟಾ ಮೋಡ್ ಐಡಿಇ ಅಂತಿದ್ದರೆ ಎಎಚ್‌ಸಿಐ ಮಾಡಿ. ತಿಂಗಳುಗಳ ನಂತರ ಎಸ್‌ಎಸ್‌ಡಿ ರೈಟ್ ನಿಧಾನವಾದರೆ ಟ್ರಿಮ್ (ಖಾಲಿಯಾದ ಬ್ಲಾಕ್‌ಗಳ ಸುದ್ದಿ) ತಲುಪುತ್ತಿದೆಯೇ ಅಂತ ಎಲ್‌ಎಸ್‌ಬಿಎಲ್‌ಕೆ ಡಿಸ್ಕಾರ್ಡ್ ಆಯ್ಕೆಯಿಂದ ನೋಡಿ. ಲಕ್ಸ್ (ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನ) ಸಾಲಿನಲ್ಲಿ ಡಿಸ್ಕ್-ಮ್ಯಾಕ್ಸ್ ಸೊನ್ನೆ ಇದ್ದರೆ ಎಫ್‌ಎಸ್‌ಟ್ರಿಮ್ ಟೈಮರ್ ವಾರ ವಾರ ಓಡಿದರೂ ಡಿಸ್ಕಿಗೆ ಸುದ್ದಿ ಮುಟ್ಟುತ್ತಿಲ್ಲ. ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಡಿಸ್ಕಾರ್ಡ್ ಸೇರಿಸಿ, ಬೂಟ್ ಹೊತ್ತಿಗೆ ಬೇಕಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಫೈಲನ್ನು ಮತ್ತೆ ಕಟ್ಟಿ, ರೀಬೂಟ್ ಮಾಡಿ. ಯಾವ ಬ್ಲಾಕ್ ಖಾಲಿ ಇದೆ ಅನ್ನುವುದು ಹೊರಗೆ ಗೊತ್ತಾಗುತ್ತದೆ ಅನ್ನುವುದಷ್ಟೇ ಇದಕ್ಕೆ ತೆರುವ ಬೆಲೆ.