ಹದಿನೆಂಟು ತಿಂಗಳು ಒಂದೇ ಕ್ವೆಶ್ಚನ್ ಬ್ಯಾಂಕ್ ಜೊತೆ

ಇಂಟರ್ನಲ್ ಮೆಡಿಸಿನ್ ಸ್ಪೆಷಾಲಿಟಿ ಪರೀಕ್ಷೆಗೆ ಓದಲು ಒಂದು ಆನ್‌ಲೈನ್ ಕ್ವೆಶ್ಚನ್ ಬ್ಯಾಂಕನ್ನು ಹದಿನೆಂಟು ತಿಂಗಳು ಬಳಸಿದ್ದೇನೆ. ಹೆಸರು ಹೇಳುವುದಿಲ್ಲ, ಬೈಯುವುದೂ ಇದೆ. ಜೊತೆಗೆ ಒಂದು ವಿಡಿಯೋ ಕೋರ್ಸ್ ಮತ್ತು ಆಂಕಿ ಅನ್ನುವ, ದಿನ ಬಿಟ್ಟು ದಿನ ನೆನಪು ಕೆದಕಿ ಕೇಳುವ ಆಪ್‌ನ ಕಾರ್ಡ್‌ಗಳು. ಶುರುವಿನಲ್ಲಿ ಇದರ ಎರಡರಷ್ಟು ಸರಕು ಗುಡ್ಡೆ ಹಾಕಿಕೊಂಡಿದ್ದೆ. ಸೀನಿಯರ್ ಒಂದು ಹೇಳಿದರು, ಕೊಂಡೆ. ಬ್ಯಾಚ್‌ಮೇಟ್ ಇನ್ನೊಂದು ಹೇಳಿದ, ಅದೂ ಬಂತು. ಎರಡು ದಪ್ಪ ರಿವ್ಯೂ ಪುಸ್ತಕಗಳಲ್ಲಿ ಕಾರ್ಡಿಯಾಲಜಿ ಅಧ್ಯಾಯ ಮಾತ್ರ ಹಳದಿ ಆಗಿದೆ, ಹೆಮಟಾಲಜಿಯ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ.

ಕೊನೆಗೆ ಉಳಿದದ್ದು ಕ್ವೆಶ್ಚನ್ ಬ್ಯಾಂಕ್. ಕಾರಣ ದೊಡ್ಡದೇನಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬಂದವನಿಗೆ ಪುಸ್ತಕ ತೆರೆದರೆ ಎರಡನೇ ಪ್ಯಾರಾಕ್ಕೇ ನಿದ್ದೆ, ಆದರೆ ಹತ್ತು ಪ್ರಶ್ನೆ ಮಾಡಬಹುದು. ಇನ್ನೊಂದು ವಿಷಯ ಏನೆಂದರೆ, ಓದಿದ್ದನ್ನೇ ಮತ್ತೆ ಓದಿದರೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ ಅಲ್ವಾ, ಅದು ಮೋಸ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಇದನ್ನು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದು ಪರೀಕ್ಷೆ ಮಾಡಿಕೊಂಡವರು.

ಆದರೆ ಎಲ್ಲ ಕ್ವೆಶ್ಚನ್ ಬ್ಯಾಂಕೂ ಒಂದೇ ಅಲ್ಲ. ಜಾಹೀರಾತಿನಲ್ಲಿ ಪ್ರಶ್ನೆಗಳ ಸಂಖ್ಯೆ ದೊಡ್ಡದಾಗಿ ಹಾಕಿರುತ್ತಾರೆ, ಅದನ್ನು ನೋಡಲೇಬೇಡಿ. ತಪ್ಪು ಉತ್ತರ ಯಾಕೆ ತಪ್ಪು ಅಂತ ಬರೆದಿದ್ದಾರಾ ನೋಡಿ. ಒಂದು ಉದಾಹರಣೆ ಹೇಳುತ್ತೇನೆ. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಇರುವ ರೋಗಿ, ಗೊಂದಲದಲ್ಲಿದ್ದಾನೆ, ರಕ್ತದ ಸೋಡಿಯಂ 114 ಅಂದರೆ ತೀರಾ ಕಡಿಮೆ, ಮೂತ್ರದ ಆಸ್ಮೊಲಾಲಿಟಿ (ಎಷ್ಟು ಗಟ್ಟಿ ಅನ್ನುವ ಅಳತೆ) 616. ಎಸ್‌ಐಎಡಿಎಚ್ (ಹಾರ್ಮೋನ್ ಹೆಚ್ಚಾಗಿ ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳುವ ಸಮಸ್ಯೆ) ಅಂತ ಗೊತ್ತಾಯಿತು, ಆದರೂ ನಿದ್ದೆಗಣ್ಣಲ್ಲಿ ನಾರ್ಮಲ್ ಸಲೈನ್, ಅಂದರೆ ಮಾಮೂಲಿ ಉಪ್ಪುನೀರಿನ ಡ್ರಿಪ್, ಒತ್ತಿಬಿಟ್ಟೆ. ಸರಿ ಉತ್ತರ ಅದಕ್ಕಿಂತ ಗಟ್ಟಿ ಉಪ್ಪುನೀರು, 3% ಸಲೈನ್. ಬೇರೆ ಕಡೆ ಆಗಿದ್ದರೆ ‘ನಾರ್ಮಲ್ ಸಲೈನ್‌ನಿಂದ ಪ್ರಯೋಜನವಿಲ್ಲ’ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು. ಇಲ್ಲಿ ಲೆಕ್ಕ ಹಾಕಿ ತೋರಿಸಿದ್ದರು: ಒಂದು ಲೀಟರ್ ನಾರ್ಮಲ್ ಸಲೈನ್‌ನಲ್ಲಿ 308 ಮಿಲಿಆಸ್ಮೋಲ್ (ಕರಗಿದ ಕಣಗಳ ಲೆಕ್ಕ) ಉಪ್ಪು ಇದೆ, 616ರ ಮೂತ್ರ ಮಾಡುವ ಕಿಡ್ನಿ ಆ ಉಪ್ಪನ್ನೆಲ್ಲ ಅರ್ಧ ಲೀಟರಿನಲ್ಲೇ ಹೊರಗೆ ಹಾಕಿಬಿಡುತ್ತದೆ, ಉಳಿದ ಅರ್ಧ ಲೀಟರ್ ಬರೀ ನೀರಾಗಿ ಒಳಗೇ ಉಳಿಯುತ್ತದೆ. ಅಂದರೆ ಸೋಡಿಯಂ ಏರುವ ಬದಲು ಇನ್ನೂ ಇಳಿಯುತ್ತದೆ! ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದ ವಿಷಯ, ಅರ್ಥ ಆಗಿದ್ದು ಅವತ್ತು. ಈಗಲೂ ವಾರ್ಡಿನಲ್ಲಿ ಜೂನಿಯರ್‌ಗಳಿಗೆ ಕೇಸ್ ಶೀಟಿನ ಹಿಂದೆ ಇದೇ ಲೆಕ್ಕ ಬರೆದು ತೋರಿಸುತ್ತೇನೆ.

ಈಗ ಬೈಗುಳದ ಭಾಗ. ಹಳೇ ಪ್ರಶ್ನೆಗಳನ್ನು ಇವರು ತೆಗೆಯುವುದೇ ಇಲ್ಲ. 40 ವರ್ಷದ ಮಹಿಳೆ, ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ 1.4, ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ, ಏನು ಮಾಡುತ್ತೀರಿ? ಅವರ ಉತ್ತರ: ನಿಲ್ಲಿಸಿ. ಇದು ಹಳೇ ನಿಯಮ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಬರೀ ಕ್ರಿಯಾಟಿನಿನ್ ಬಿಟ್ಟು, ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂದಾಜು, ಅಂದರೆ ಇಜಿಎಫ್‌ಆರ್ ನೋಡಿ ಅಂದಿದೆ. 30ಕ್ಕಿಂತ ಕೆಳಗೆ ಕೊಡಬಾರದು, 30ರಿಂದ 45ರ ಮಧ್ಯೆ ಹೊಸದಾಗಿ ಶುರು ಮಾಡುವುದು ಬೇಡ. ಈ ಮಹಿಳೆಯದು 48ರ ಆಸುಪಾಸು ಬರುತ್ತದೆ, ನಿಲ್ಲಿಸುವ ಮಾತೇ ಇಲ್ಲ. ನಾನು ಸರಿ ಬರೆದು ಕೆಂಪು ಗುರುತು ತಿಂದೆ. ಮೂರು ಸಲ ಬರೆದು ಕಳಿಸಿದೆ, ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಮೂರು ಸಲವೂ ಅದೇ ಉತ್ತರ. ಪ್ರಶ್ನೆ ಇನ್ನೂ ಅಲ್ಲೇ ಇದೆ. ಆಮೇಲಿಂದ ವಿವರಣೆಯ ಕೆಳಗೆ ಸಣ್ಣ ಅಕ್ಷರದಲ್ಲಿರುವ ತಾರೀಖು ನೋಡದೆ ಯಾವುದನ್ನೂ ನಂಬುತ್ತಿಲ್ಲ.

ನೀವು ಪಾಸಾಗುವ ಸಾಧ್ಯತೆ ಇಷ್ಟು ಪರ್ಸೆಂಟ್ ಅಂತ ಒಂದು ಮೀಟರ್ ಬೇರೆ ಇದೆ. ಒಂದು ಕೆಟ್ಟ ದಿನ ಇಪ್ಪತ್ತು ಪ್ರಶ್ನೆ ಹಾಳಾದರೆ ಸರ್ರನೆ ಇಳಿಯುತ್ತದೆ. ಸುಮ್ನೆ ಹೊಟ್ಟೆ ಉರಿ, ಮುಚ್ಚಿಟ್ಟುಬಿಡಿ. ಚಂದಾ ತಾನಾಗಿ ನವೀಕರಣ ಆಗುವ ಬಟನ್ನನ್ನು ಮೊದಲ ದಿನವೇ ಆಫ್ ಮಾಡಿ, ನಾನು ಮಾಡಿರಲಿಲ್ಲ.

ವಿಡಿಯೋಗಳ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಇಸಿಜಿ ಮತ್ತು ಆಸಿಡ್-ಬೇಸ್‌ಗೆ ಚೆನ್ನಾಗಿವೆ, ಯಾಕೆಂದರೆ ಅಲ್ಲಿ ಯಾವುದಾದ ಮೇಲೆ ಯಾವುದು ನೋಡಬೇಕು ಅನ್ನುವುದೇ ಮುಖ್ಯ. ಉಳಿದದ್ದನ್ನು ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡು ಮಲಗಿದ್ದೇನೆ.

ಆಂಕಿ ಒಳ್ಳೆಯದು, ಕಂಪ್ಯೂಟರಿನಲ್ಲಿ ಉಚಿತ. ತಪ್ಪು ಮಾಡಿದ್ದು ನಾನು. ಯಾರೋ ಮಾಡಿಟ್ಟ ಸಾವಿರಾರು ಕಾರ್ಡುಗಳ ಗಂಟನ್ನು ಇಳಿಸಿಕೊಂಡೆ. ಒಂದು ವಾರ ರಜೆಯಲ್ಲಿ ತೆರೆಯಲಿಲ್ಲ, ವಾಪಸ್ ಬಂದಾಗ 900 ಕಾರ್ಡು ಬಾಕಿ. ಎಲ್ಲ ಅಳಿಸಿ, ಕ್ವೆಶ್ಚನ್ ಬ್ಯಾಂಕಿನಲ್ಲಿ ತಪ್ಪಿದ್ದಕ್ಕೆ ಮಾತ್ರ ನನ್ನ ಮಾತಿನಲ್ಲೇ ಒಂದೊಂದು ಕಾರ್ಡು ಬರೆಯಲು ಶುರು ಮಾಡಿದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಕೊಳ್ಳುವ ಮುಂಚೆ ಉಚಿತ ಟ್ರಯಲ್ ಕೊಡುತ್ತಾರಲ್ಲ, ಅದರಲ್ಲಿ ನಿಮಗೆ ಚೆನ್ನಾಗಿ ಬರುವ ವಿಷಯ ಮಾಡಿ ಖುಷಿಪಡಬೇಡಿ. ಈಚೆಗೆ ಬದಲಾದದ್ದನ್ನು ಹುಡುಕಿ. 2021ರ ಇಜಿಎಫ್‌ಆರ್ ಸೂತ್ರದಲ್ಲಿ ಜನಾಂಗದ ಲೆಕ್ಕ ಹೋಗಿದೆ, 2023ರಲ್ಲಿ ಹೃದಯದ ಒಳಪದರದ ಸೋಂಕಾದ ಎಂಡೋಕಾರ್ಡೈಟಿಸ್‌ನ ಪತ್ತೆಗೆ ಬಳಸುವ ಡ್ಯೂಕ್ ಮಾನದಂಡ ಹೊಸದಾಗಿದೆ. ಇವೆರಡೂ ಹಳೇದೇ ಇದ್ದರೆ ಅಲ್ಲಿಗೇ ಮುಚ್ಚಿ.

ಇಷ್ಟೆಲ್ಲ ಬೈದ ಮೇಲೂ ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಕಡಿಮೆ ಮಾಡಿದ್ದು ಮೆಟ್‌ಫಾರ್ಮಿನ್‌ಗೆ. ಪರೀಕ್ಷೆ ಪಾಸಾಯಿತು, ಚಂದಾ ಮುಗಿಯಲು ಇನ್ನೂ ಮೂರು ವಾರ ಇದೆ. ಮೊನ್ನೆ ರಾತ್ರಿ ಡ್ಯೂಟಿಯಲ್ಲಿ ಸ್ವಲ್ಪ ಬಿಡುವು ಸಿಕ್ಕಾಗ ಕೈ ತಾನಾಗಿಯೇ ಆಪ್ ತೆರೆದು ಹತ್ತು ಪ್ರಶ್ನೆ ಮಾಡಿತು. ಏಳು ಸರಿ.